ಜಿಲ್ಲಾ ಪುಟದಲ್ಲಿ ಅಚ್ಚಾಗುವ ಸಾಲು

ರಾಜ್ಯಮಟ್ಟದ ಕನ್ನಡ ದಿನಪತ್ರಿಕೆಯೊಂದರ ಕೋಲಾರ ಕಚೇರಿಯಲ್ಲಿ ನಾನು ವರದಿಗಾರ್ತಿ. ದೊಡ್ಡ ಪತ್ರಿಕೆಯಲ್ಲಿ ಕೆಲಸ ಎಂದೊಡನೆ ಕೇಳುವವರ ಕಣ್ಣ ಮುಂದೆ ಬರುವುದು ಬೆಂಗಳೂರಿನ ಮುಖ್ಯ ಕಚೇರಿ, ಸಂಪಾದಕರ ಕೊಠಡಿ, ವಿಧಾನಸೌಧದ ಮೊಗಸಾಲೆ, ಮುಖಪುಟದ ದಪ್ಪಕ್ಷರದ ತಲೆಬರಹ. ಆದರೆ ಡೂಂಲೈಟ್ ವೃತ್ತದ ಟೀ ಅಂಗಡಿಗಳಲ್ಲಿ ಬೆಳಿಗ್ಗೆ ಪತ್ರಿಕೆ ಕೈಗೆತ್ತಿಕೊಳ್ಳುವವರು ಮುಖಪುಟದ ಮೇಲೆ ಒಮ್ಮೆ ಕಣ್ಣಾಡಿಸಿ ನೇರವಾಗಿ ಜಿಲ್ಲಾ ಪುಟಕ್ಕೆ ಹೋಗುತ್ತಾರೆ. ನಿನ್ನೆ ಮಾರುಕಟ್ಟೆಯಲ್ಲಿ ಟೊಮೆಟೊ ಧಾರಣೆ ಏನಿತ್ತು, ಬೆಸ್ಕಾಂನವರು ಇಂದು ಎಲ್ಲೆಲ್ಲಿ ವಿದ್ಯುತ್ ನಿಲ್ಲಿಸುತ್ತಾರೆ, ಯಾವ ಕೆರೆಗೆ ನೀರು ಬಂತು, ಯಾವ ಕಚೇರಿಯ ಮೇಲೆ ಲೋಕಾಯುಕ್ತ ದಾಳಿಯಾಯಿತು, ಯಾರು ತೀರಿಕೊಂಡರು ಎಂಬುದು ಅವರಿಗೆ ಮೊದಲು ಬೇಕು. ದೆಹಲಿಯ ಸುದ್ದಿ ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಅವರಲ್ಲಿ ದಾರಿಯಿಲ್ಲ. ತಮ್ಮೂರಿನ ಕೆರೆಗೆ ನೀರು ಬಂದಿದೆಯೋ ಇಲ್ಲವೋ ಎಂಬುದನ್ನಾದರೆ ಏರಿಯ ಮೇಲೆ ನಿಂತು ನೋಡಬಲ್ಲರು. ಪತ್ರಿಕೆಯನ್ನು ನಂಬಬೇಕೋ ಬೇಡವೋ ಎಂಬ ತೀರ್ಮಾನವನ್ನು ಓದುಗರು ಕೈಗೊಳ್ಳುವುದು ಹೀಗೆ, ತಮಗೆ ಗೊತ್ತಿರುವ ವಿಷಯದಲ್ಲಿ ನಾವೇನು ಬರೆದಿದ್ದೇವೆ ಎಂಬುದನ್ನು ನೋಡಿ. ಆದ್ದರಿಂದ ಪತ್ರಿಕೆಯ ದೊಡ್ಡ ಹೆಸರನ್ನು ಉಳಿಸುವ ಹೊಣೆಯ ಬಹುಪಾಲು ಜಿಲ್ಲಾ ಕಚೇರಿಗಳ ಮೇಲಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ನಮ್ಮ ದಿನ ಆರಂಭವಾಗುವುದು ಎಲ್ಲ ಪತ್ರಿಕೆಗಳನ್ನೂ ಎದುರಿಗಿಟ್ಟುಕೊಂಡು ಓದುವುದರಿಂದ. ಬೇರೆಯವರಲ್ಲಿ ಬಂದು ನಮ್ಮಲ್ಲಿ ಬಾರದೆ ಹೋದ ಸುದ್ದಿಗೆ ಕಚೇರಿಯ ಮಾತಿನಲ್ಲಿ ‘ಮಿಸ್’ ಎನ್ನುತ್ತಾರೆ, ಅದಕ್ಕೆ ಕಾರಣ ಕೇಳುವ ಕರೆ ತಿಂಡಿಗೆ ಮೊದಲೇ ಬರುತ್ತದೆ. ಆ ದಿನ ಕೊಡಬಹುದಾದ ಸುದ್ದಿಗಳ ಪಟ್ಟಿಯನ್ನು ಬೆಂಗಳೂರಿಗೆ ಕಳುಹಿಸಿದ ಮೇಲೆ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಯ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆ, ನ್ಯಾಯಾಲಯ, ಪತ್ರಿಕಾಗೋಷ್ಠಿ, ಪ್ರತಿಭಟನೆ ಎಂದು ಮಧ್ಯಾಹ್ನ ಕಳೆಯುತ್ತದೆ. ಸಂಜೆ ಬರವಣಿಗೆ, ತಾಲ್ಲೂಕುಗಳಿಂದ ಬಂದ ಸುದ್ದಿಗಳನ್ನು ತಿದ್ದುವುದು, ಚಿತ್ರಗಳಿಗೆ ಅಡಿಬರಹ. ಪತ್ರಿಕೆ ಮುದ್ರಣವಾಗುವ ಬೆಂಗಳೂರು ಸುಮಾರು 70 ಕಿ.ಮೀ. ದೂರದಲ್ಲಷ್ಟೇ ಇರುವುದರಿಂದ ದೂರದ ಜಿಲ್ಲೆಗಳವರಿಗಿಂತ ನಮಗೆ ರಾತ್ರಿ ಸ್ವಲ್ಪ ಹೆಚ್ಚು ಕಾಲಾವಕಾಶ ಸಿಗುತ್ತದೆ. ಇದಿಷ್ಟು ಯಾವ ಜಿಲ್ಲೆಯ ವರದಿಗಾರರನ್ನು ಕೇಳಿದರೂ ಹೇಳುವ ದಿನಚರಿ.

ಹೊರಗಿನವರಿಗೆ ಕಾಣದಿರುವುದು ರಾತ್ರಿ ಡೆಸ್ಕಿನಿಂದ, ಎಂದರೆ ನಮ್ಮ ಸುದ್ದಿಗಳನ್ನು ತಿದ್ದಿ ಪುಟ ಕಟ್ಟುವ ಬೆಂಗಳೂರಿನ ವಿಭಾಗದಿಂದ, ಬರುವ ಕರೆಗಳು. ‘ಹೊಸಹಳ್ಳಿ ಅಂತ ಬರೆದಿದ್ದೀರಿ ಮೇಡಂ, ಯಾವ ಹೊಸಹಳ್ಳಿ? ಹೋಬಳಿ ಯಾವುದು?’ ಎಂದು ಉಪಸಂಪಾದಕರು ಕೇಳುತ್ತಾರೆ. ‘ಮೊದಲನೇ ಪ್ಯಾರಾದಲ್ಲಿ ಗಾಯಗೊಂಡವರು ಐವರು ಅಂತಿದೆ, ಕೆಳಗೆ ಹೆಸರು ಎಣಿಸಿದರೆ ನಾಲ್ಕೇ ಇವೆಯಲ್ಲ?’ ‘ಈ ಸರ್ವೆ ನಂಬರು ಪಹಣಿ ನೋಡಿ ಬರೆದದ್ದೋ, ಅವರು ಹೇಳಿದ್ದೋ?’ ಹೊಸದಾಗಿ ಸೇರಿದವರಿಗೆ ಇವು ತಮ್ಮ ಮೇಲಿನ ಅನುಮಾನದಂತೆ ಕೇಳಿಸುತ್ತವೆ. ಒಬ್ಬರೇ ಕುಳಿತು ನಡೆಸುವ ಫೇಸ್‌ಬುಕ್ ಪುಟಕ್ಕೂ ದೊಡ್ಡ ಪತ್ರಿಕೆಗೂ ಇರುವ ಮುಖ್ಯ ವ್ಯತ್ಯಾಸ ನನ್ನ ದೃಷ್ಟಿಯಲ್ಲಿ ಈ ಕರೆಗಳೇ. ವೇಮಗಲ್ ಹೋಬಳಿಯೋ ಸುಗಟೂರು ಹೋಬಳಿಯೋ ಎಂಬುದು ಬೆಂಗಳೂರಿನಲ್ಲಿ ಕುಳಿತವರಿಗೆ ಯಾವ ರೀತಿಯಲ್ಲೂ ಸಂಬಂಧಿಸಿದ್ದಲ್ಲ. ಆದರೂ ಪುಟ ಮುಗಿಸುವ ಗಡಿಬಿಡಿಯಲ್ಲಿ ಅವರು ಅದನ್ನು ಕೇಳುತ್ತಾರೆ, ಏಕೆಂದರೆ ತಪ್ಪು ಹೋಬಳಿಯ ಹೊಸಹಳ್ಳಿಯಲ್ಲಿ ಬೇರೆ ಯಾರೋ ಅದೇ ಹೆಸರಿನವರು ಬೆಳಿಗ್ಗೆ ನೆಂಟರಿಷ್ಟರಿಗೆಲ್ಲ ಉತ್ತರ ಕೊಡಬೇಕಾಗುತ್ತದೆ. ಅಚ್ಚಾದ ಸುದ್ದಿಯ ಆಯುಷ್ಯವೂ ದೊಡ್ಡದು. ಅದನ್ನು ಕತ್ತರಿಸಿ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡು, ವರ್ಷಗಳ ನಂತರ ತಹಶೀಲ್ದಾರರಿಗೆ ಕೊಡುವ ಅರ್ಜಿಯ ಜೊತೆ ಲಗತ್ತಿಸುವವರನ್ನು ನಾನು ನೋಡಿದ್ದೇನೆ.

ಅಚ್ಚಾದ ಒಂದು ಸಾಲಿಗೆ ಎಷ್ಟು ತೂಕವಿದೆ ಎಂಬುದು ಎಲ್ಲಕ್ಕಿಂತ ಸ್ಪಷ್ಟವಾಗಿ ಅರ್ಥವಾಗುವುದು ನಮ್ಮ ಎಪಿಎಂಸಿ ಅಂಗಳದಲ್ಲಿ. ಕೋಲಾರದ ಟೊಮೆಟೊ ಮಾರುಕಟ್ಟೆ ದೇಶದ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು, ಇಲ್ಲಿಂದ ಉತ್ತರದ ರಾಜ್ಯಗಳವರೆಗೂ ಲಾರಿಗಳು ಹೋಗುತ್ತವೆ. ಮಂಡಿಗಳ, ಎಂದರೆ ರೈತರ ಮಾಲನ್ನು ಹರಾಜು ಹಾಕುವ ಮಳಿಗೆಗಳ, ಮುಂದೆ 15 ಕೆ.ಜಿ. ಬಾಕ್ಸ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಹರಾಜು ಕೂಗುವವರು ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟುವಷ್ಟರಲ್ಲಿ ಧಾರಣೆ ಬದಲಾಗುತ್ತದೆ. ಗಾತ್ರ, ಬಣ್ಣ, ಗಟ್ಟಿತನ ನೋಡಿ ವ್ಯಾಪಾರಿಗಳು ಬೆಲೆ ಹೇಳುವುದರಿಂದ ಒಂದೇ ತೋಟದಲ್ಲಿ ಒಂದೇ ದಿನ ಕಿತ್ತ ಹಣ್ಣು ಕೂಡ ಎರಡು ಮೂರು ಬೆಲೆಗೆ ಹೋಗುವುದುಂಟು. 2023ರ ಜುಲೈನಲ್ಲಿ ಇಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ ದೇಶದ ಎಲ್ಲ ಕಡೆಯಿಂದಲೂ ಕ್ಯಾಮೆರಾಗಳು ಬಂದವು. ಬಿಸಿಲು ಮತ್ತು ಎಲೆ ಮುದುಡುವ ರೋಗದಿಂದ ಆ ಬಾರಿ ಇಳುವರಿಯೇ ಬಿದ್ದುಹೋಗಿತ್ತು. ಪ್ರತಿದಿನದ ತಲೆಬರಹಕ್ಕೆ ಬೇಕಾದದ್ದು ಆ ದಿನದ ಗರಿಷ್ಠ ಬೆಲೆ ಮಾತ್ರ.

ಆ ದಿನಗಳಲ್ಲಿ ಹಿರಿಯ ರೈತರೊಬ್ಬರು ಮಂಡಿಯವರು ಬರೆದುಕೊಟ್ಟ ಚೀಟಿಯನ್ನು ಅಂಗಿಯ ಜೇಬಿನಿಂದ ತೆಗೆದು ನನ್ನ ಕೈಯಲ್ಲಿಟ್ಟು, ‘ಪೇಪರಿನಲ್ಲಿ ಬರುವ ರೇಟು ಇದರಲ್ಲಿ ಎಲ್ಲಿದೆ ನೋಡಮ್ಮ’ ಎಂದು ತೆಲುಗಿನಲ್ಲಿ ಕೇಳಿದರು. ಬೆವರಿಗೆ ಮಸುಕಾದ ಆ ಚೀಟಿಯಲ್ಲಿ ಮೂರು ಬೆಲೆಗಳಿದ್ದವು. ಮೊದಲ ದರ್ಜೆಯ ಕೆಲವೇ ಬಾಕ್ಸ್‌ಗಳು ತಲೆಬರಹದ ಬೆಲೆಯ ಹತ್ತಿರಕ್ಕೆ ಬಂದಿದ್ದವು. ಹೆಚ್ಚಿನವು ಅದರ ಅರ್ಧದ ಆಸುಪಾಸಿನಲ್ಲಿದ್ದವು. ಕಡೆಯ ಸಾಲು, ಬಿರುಕುಬಿಟ್ಟ ಸಣ್ಣ ಹಣ್ಣು, ಇನ್ನೂ ಕೆಳಗೆ. ಹಣ್ಣು ಕೀಳುವ ಕೂಲಿ, ಸಾಗಣೆ ಬಾಡಿಗೆ, ರೋಗಕ್ಕೆ ಹೊಡೆದ ಔಷಧಿಯ ಸಾಲ ಯಾವ ತಲೆಬರಹದಲ್ಲೂ ಇರಲಿಲ್ಲ. ಊರಿನಲ್ಲಿ ಮಾತ್ರ ಟೊಮೆಟೊ ಹಾಕಿದವರೆಲ್ಲ ಲಕ್ಷಾಧಿಪತಿಗಳೆಂಬ ಮಾತು ಹರಡಿ, ಸಾಲ ಕೊಟ್ಟವರು ಬಾಗಿಲಿಗೆ ಬಂದರು. ತೋಟಗಳಿಗೆ ರಾತ್ರಿ ಕಾವಲು ಹಾಕಬೇಕಾಯಿತು. ಕೆಲವೇ ವಾರಗಳಲ್ಲಿ ಧಾರಣೆ ಕುಸಿಯಿತು, ಕ್ಯಾಮೆರಾಗಳೂ ಹೋದವು. ಎಪಿಎಂಸಿ ದಾಖಲೆಯಲ್ಲಿ ಕನಿಷ್ಠ, ಗರಿಷ್ಠ ಮತ್ತು ಹೆಚ್ಚಿನ ಮಾಲು ಮಾರಾಟವಾದ ಬೆಲೆ ಮೂರೂ ಇರುತ್ತವೆ. ಈ ಮೂರನ್ನೂ ಸುದ್ದಿಯ ಮೊದಲ ಪ್ಯಾರಾದಲ್ಲೇ ಕೊಡಬೇಕು, ಗರಿಷ್ಠ ಬೆಲೆಯೊಂದನ್ನೇ ತಲೆಬರಹ ಮಾಡಬಾರದು ಎಂದು ನಾನು ಡೆಸ್ಕಿನೊಂದಿಗೆ ವಾದ ಮಾಡುತ್ತಲೇ ಬಂದಿದ್ದೇನೆ. ಕೆಲವು ದಿನ ವಾದ ಗೆಲ್ಲುತ್ತದೆ, ಕೆಲವು ದಿನ ಜಾಗದ ಅಭಾವ ಗೆಲ್ಲುತ್ತದೆ.

ಅಂಕಿ ಎಲ್ಲಿಂದ ಬಂತು ಎಂಬುದನ್ನು ವಾಕ್ಯದೊಳಗೇ ಹೇಳಬೇಕೆನ್ನುವುದಕ್ಕೆ ಜಿಲ್ಲೆಯಲ್ಲಿ ಇನ್ನೊಂದು ದೊಡ್ಡ ನಿದರ್ಶನವಿದೆ. 2020ರ ಡಿಸೆಂಬರ್ 12ರಂದು ನರಸಾಪುರ ಕೈಗಾರಿಕಾ ಪ್ರದೇಶದ ಐಫೋನ್ ತಯಾರಿಕಾ ಘಟಕದಲ್ಲಿ ವೇತನದ ಬಗೆಗಿನ ಅಸಮಾಧಾನ ಸ್ಫೋಟಗೊಂಡು ಕಾರ್ಮಿಕರು ಗಾಜು, ಯಂತ್ರ, ವಾಹನಗಳನ್ನು ಧ್ವಂಸ ಮಾಡಿದರು. ಪೊಲೀಸರಿಗೆ ಸಲ್ಲಿಕೆಯಾದ ದೂರಿನಲ್ಲಿ ನಷ್ಟದ ಮೊತ್ತ ಸುಮಾರು 437 ಕೋಟಿ ರೂಪಾಯಿ ಎಂದಿತ್ತು. ಘಟಕದ ಮಾತೃಸಂಸ್ಥೆಯೇ ಆ ಬಳಿಕ ತೈವಾನಿನ ಷೇರುಪೇಟೆಗೆ ಕೊಟ್ಟ ವಿವರಣೆಯಲ್ಲಿ ಅದು 10ರಿಂದ 20 ಕೋಟಿ ತೈವಾನ್ ಡಾಲರ್, ಎಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚೆಂದರೆ 50 ಕೋಟಿ ರೂಪಾಯಿಯ ಆಸುಪಾಸು. ‘437 ಕೋಟಿ ನಷ್ಟ’ ಎಂದು ಬರೆದವರಿಗೂ ‘437 ಕೋಟಿ ನಷ್ಟವಾಗಿದೆ ಎಂದು ದೂರಿನಲ್ಲಿ ತಿಳಿಸಲಾಗಿದೆ’ ಎಂದು ಬರೆದವರಿಗೂ ನಡುವಿನ ಅಂತರ ಮೂರ್ನಾಲ್ಕು ಪದಗಳದ್ದು. ಆ ಪದಗಳನ್ನು ಉಳಿಸಿಕೊಂಡ ವರದಿ ಇಂದಿಗೂ ಸರಿಯಾಗಿಯೇ ಇದೆ. ಕೆಲವು ವರ್ಷಗಳಿಂದ ಎಫ್‌ಐಆರ್ ಪ್ರತಿಯನ್ನು ನೇರವಾಗಿ ಓದುವುದು ಸುಲಭವಾಗಿದೆ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಠಾಣೆಯಿಂದ ಫೋನಿನಲ್ಲಿ ಹೇಳಿದ್ದಕ್ಕೂ ಅದರಲ್ಲಿರುವುದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ.

ದೊಡ್ಡ ಪತ್ರಿಕೆ ಮಾಡಬಲ್ಲ ಇನ್ನೊಂದು ಕೆಲಸ, ಒಂದು ವಿಷಯವನ್ನು ಹಿಡಿದರೆ ವರ್ಷಗಟ್ಟಲೆ ಬಿಡದಿರುವುದು. ನದಿಯ ನಾಲೆಯೇ ಇಲ್ಲದ, ಕೊಳವೆಬಾವಿಗಳಲ್ಲಿ ಫ್ಲೋರೈಡ್ ಬರುವ ಈ ಜಿಲ್ಲೆಯಲ್ಲಿ ಆ ವಿಷಯ ನೀರು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ತ್ಯಾಜ್ಯನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಎಂಬುದು ಯೋಜನೆಯ ಗುರಿ. ಮರುತಿಂಗಳೇ ನೊರೆ ಕಾಣಿಸಿಕೊಂಡು ವಿವಾದ ಹೈಕೋರ್ಟ್ ಮೆಟ್ಟಿಲೇರಿ, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಂದಿನಿಂದ ಇಂದಿನವರೆಗೆ ಈ ಸುದ್ದಿಯಲ್ಲಿ ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿಯಬೇಕಾಗಿದೆ. ಬತ್ತಿದ್ದ ಕೊಳವೆಬಾವಿಯಲ್ಲಿ ಮತ್ತೆ ನೀರು ಕಂಡ ರೈತರ ಸಂತೋಷ ನಿಜ. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಎನ್ನುವ ಹೋರಾಟಗಾರರ ಆತಂಕವೂ ನಿಜ. ಒಬ್ಬರ ಮಾತನ್ನು ಬರೆದ ದಿನ ಇನ್ನೊಬ್ಬರು ಕರೆ ಮಾಡಿ, ‘ನಿಮ್ಮ ಪೇಪರೂ ಅವರ ಕಡೆಗೇ ಹೋಯಿತು’ ಎನ್ನುತ್ತಾರೆ. ಎತ್ತಿನಹೊಳೆಯದ್ದು ಇನ್ನೂ ದೀರ್ಘ ಕಥೆ. ಪಶ್ಚಿಮಘಟ್ಟದ ಹೊಳೆಗಳ 24 ಟಿಎಂಸಿ ಅಡಿ ನೀರನ್ನು ಈ ಕಡೆಯ ಬಯಲುಸೀಮೆಗೆ ತರುವ ಆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು, ಮೊದಲ ಹಂತದ ಉದ್ಘಾಟನೆ ಸಕಲೇಶಪುರದ ಬಳಿ ನಡೆದದ್ದು 2024ರ ಸೆಪ್ಟೆಂಬರ್‌ನಲ್ಲಿ. ಅಷ್ಟೂ ವರ್ಷಗಳಲ್ಲಿ ಯಾವ ಸಚಿವರು ಯಾವ ಗಡುವು ಹೇಳಿದ್ದರು ಎಂಬುದು ಕಚೇರಿಯ ಹಳೆಯ ಸಂಚಿಕೆಗಳ ಕಟ್ಟಿನಲ್ಲಿ ತಾರೀಖು ಸಮೇತ ಇದೆ. ಹೊಸ ಗಡುವು ಘೋಷಣೆಯಾದ ದಿನ ಹಳೆಯ ಗಡುವುಗಳನ್ನೂ ಪಕ್ಕದಲ್ಲಿ ಮುದ್ರಿಸುವುದು ನಮ್ಮ ಕರ್ತವ್ಯ.

ಬರೆಯದೆ ಬಿಡಬೇಕಾದದ್ದರ ಬಗ್ಗೆಯೂ ಹೇಳಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗುರುತು ಬಹಿರಂಗಪಡಿಸುವುದನ್ನು ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ನಿಷೇಧಿಸುತ್ತದೆ. ಮಗುವಿನ ಹೆಸರಿನ ಜೊತೆಗೆ ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ ಎಲ್ಲವೂ ಅದರಲ್ಲಿ ಸೇರಿವೆ. ನಗರದಲ್ಲಿ ಕುಳಿತವರಿಗೆ ಹೆಸರು ತೆಗೆದರೆ ಸಾಕೆನ್ನಿಸಬಹುದು. ನೂರು ಮನೆಗಳ ಹಳ್ಳಿಯಲ್ಲಿ ಗ್ರಾಮದ ಹೆಸರು ಹೇಳಿ, ಬಾಲಕಿಯ ವಯಸ್ಸು ಹೇಳಿ, ತಂದೆಗೆ ಚಿಲ್ಲರೆ ಅಂಗಡಿ ಇದೆ ಎಂದರೆ ಹೆಸರು ಹೇಳಿದ ಹಾಗೆಯೇ. ಆರೋಪಿ ಸಂಬಂಧಿಕನಾಗಿದ್ದರೆ ಅವನ ಹೆಸರೂ ಮಗುವನ್ನು ತೋರಿಸಿಕೊಡುತ್ತದೆ. ಇಂಥ ಸುದ್ದಿಗಳಲ್ಲಿ ತಾಲ್ಲೂಕಿಗಿಂತ ಕೆಳಗಿನ ಯಾವ ಗುರುತೂ ಇರಬಾರದು ಎಂದು ನಾವು ನಡೆದುಕೊಳ್ಳುತ್ತೇವೆ. ಇದರಿಂದ ಸುದ್ದಿ ಮೂರು ಸಾಲಿಗೆ ಇಳಿಯುತ್ತದೆ, ಅದೇ ಹೊತ್ತಿಗೆ ಮೊಬೈಲ್‌ಗಳಲ್ಲಿ ಎಲ್ಲ ವಿವರಗಳೂ ಹರಿದಾಡುತ್ತಿರುತ್ತವೆ. ಆದರೂ ಆ ಮೂರು ಸಾಲೇ ಸರಿ. ಆತ್ಮಹತ್ಯೆಯ ಸುದ್ದಿಯಲ್ಲಿ ವಿಧಾನವನ್ನು ವಿವರಿಸಬಾರದು, ತಲೆಬರಹದಲ್ಲಿ ಎದ್ದು ಕಾಣಿಸಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಅಳವಡಿಸಿಕೊಂಡ ಮಾರ್ಗಸೂಚಿಯೂ ಇದೆ. ರೈತರ ಸಾವುಗಳನ್ನು ವರದಿ ಮಾಡುವ ಜಿಲ್ಲೆಯಲ್ಲಿ ಅದನ್ನು ಪಾಲಿಸುವುದು ಇನ್ನೂ ಮುಖ್ಯ.

ಭಾಷೆಯ ವಿಷಯದಲ್ಲಿ ಈ ಜಿಲ್ಲೆಯ ವರದಿಗಾರರ ಕೆಲಸ ಬೇರೆ ಕಡೆಯವರಿಗಿಂತ ಹೆಚ್ಚು ಶ್ರಮದ್ದು. ಶ್ರೀನಿವಾಸಪುರ, ಮುಳಬಾಗಿಲು ಕಡೆ ಮಾತು ತೆಲುಗಿನಲ್ಲಿ, ಕೆಜಿಎಫ್‌ನಲ್ಲಿ ತಮಿಳಿನಲ್ಲಿ, ಪೇಟೆಯ ಎಷ್ಟೋ ಬೀದಿಗಳಲ್ಲಿ ಉರ್ದುವಿನಲ್ಲಿ, ಬರೆಯುವುದು ಕನ್ನಡದಲ್ಲಿ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಲಸ ಕಳೆದುಕೊಂಡ ಕಾರ್ಮಿಕರ ಮಕ್ಕಳು ಇಂದಿಗೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಅವರ ಬಾಕಿ, ಅವರ ಮನೆಗಳ ಹಕ್ಕು ಇಂದಿಗೂ ಸುದ್ದಿಯಾಗುತ್ತಲೇ ಇವೆ. ಅವರು ತಮಿಳಿನಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಬರೆದು, ಉದ್ಧರಣ ಚಿಹ್ನೆಯೊಳಗೆ ಇಡುವ ಮೊದಲು ಒಮ್ಮೆ ಅವರಿಗೇ ಓದಿ ಹೇಳುವುದನ್ನು ನಾನು ಬಿಟ್ಟಿಲ್ಲ. ಜುಲೈ 1ರ ಪತ್ರಿಕಾ ದಿನಾಚರಣೆಯ ಭಾಷಣಗಳಲ್ಲಿ 1843ರ ‘ಮಂಗಳೂರು ಸಮಾಚಾರ’ದ ನಂತರ ತಪ್ಪದೆ ಬರುವ ಹೆಸರು ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರದು. ಜನ ಅವರನ್ನು ಕವಿಯೆಂದು ಬಲ್ಲರು. ಅವರು ಪತ್ರಿಕಾ ವೃತ್ತಿಯಲ್ಲಿ ಬಾಳಿದವರು, ಅದರ ಮರ್ಯಾದೆಯ ಬಗ್ಗೆ ಗಂಭೀರವಾಗಿ ಯೋಚಿಸಿದವರು ಎಂಬುದನ್ನು ಈ ಜಿಲ್ಲೆಯ ಪತ್ರಕರ್ತರಾದರೂ ನೆನಪಿನಲ್ಲಿಡಬೇಕು.

ಇನ್ನು ನನ್ನನ್ನು ಬಹಳ ನೋಯಿಸುವ ವಿಷಯ, ತಾಲ್ಲೂಕು ಮತ್ತು ಹೋಬಳಿ ಮಟ್ಟದ ಅರೆಕಾಲಿಕ ವರದಿಗಾರರ ಸ್ಥಿತಿ. ಮಾವಿನ ತೋಪಿಗೆ ಆಲಿಕಲ್ಲು ಬಿದ್ದರೆ, ಹೆದ್ದಾರಿಯಲ್ಲಿ ಅಪಘಾತವಾದರೆ, ಅಂಗನವಾಡಿಯ ಚಾವಣಿ ಕುಸಿದರೆ ಮೊದಲು ಅಲ್ಲಿಗೆ ತಲುಪುವವರು ಇವರೇ. ಪೆಟ್ರೋಲು, ಫೋನು, ಇಂಟರ್‌ನೆಟ್ ಎಲ್ಲವೂ ಹೆಚ್ಚಾಗಿ ಅವರ ಕೈಯಿಂದಲೇ. ಅವರಿಗೆ ಸಿಗುವ ಗೌರವಧನದಲ್ಲಿ ಮನೆ ನಡೆಯುವುದಿಲ್ಲ. ಆದ್ದರಿಂದ ಒಬ್ಬರು ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ, ಇನ್ನೊಬ್ಬರು ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಾರೆ. ಪತ್ರಕರ್ತರ ಸೇವಾ ಷರತ್ತುಗಳಿಗಾಗಿ 1955ರಲ್ಲಿ ಬಂದ ಕಾಯ್ದೆ ಅರೆಕಾಲಿಕರನ್ನೂ ಹೆಸರಿಸಿತ್ತು, ಆದರೆ ಪತ್ರಿಕಾ ಕೆಲಸವೇ ಅವರ ಮುಖ್ಯ ವೃತ್ತಿಯಾಗಿರಬೇಕೆಂದು ಹೇಳಿತ್ತು. ಸಂಬಳ ಸಾಲದೆ ಬೇರೆ ವೃತ್ತಿ ಹಿಡಿದವರು, ಬೇರೆ ವೃತ್ತಿ ಇದೆಯೆಂಬ ಕಾರಣಕ್ಕೇ ಅದರ ರಕ್ಷಣೆಯಿಂದ ಹೊರಗುಳಿದರು. ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2014ರ ಫೆಬ್ರುವರಿಯಲ್ಲಿ ಎತ್ತಿಹಿಡಿದಾಗಲೂ ಹೋಬಳಿಯ ವರದಿಗಾರರ ಜೇಬಿಗೆ ಅದರ ಫಲ ತಲುಪಿದ್ದನ್ನು ನಾನು ಕಾಣಲಿಲ್ಲ. ಇದರ ಮೇಲೆ, ವಿಶೇಷ ಪುರವಣಿ ಬಂತೆಂದರೆ ಜಾಹೀರಾತು ತರುವ ಹೊಣೆಯನ್ನೂ ಹಲವು ಕಡೆ ಇವರ ಹೆಗಲಿಗೆ ಹಾಕುತ್ತಾರೆ. ಸೋಮವಾರ ಪಂಚಾಯಿತಿ ಅಧ್ಯಕ್ಷರ ಬಳಿ ಶುಭಾಶಯದ ಜಾಹೀರಾತು ಕೇಳಿದ ವ್ಯಕ್ತಿ ಗುರುವಾರ ಅದೇ ಪಂಚಾಯಿತಿಯ ನರೇಗಾ ಬಿಲ್ಲುಗಳ ಬಗ್ಗೆ ಹೇಗೆ ಪ್ರಶ್ನೆ ಕೇಳಬೇಕು? ದೊಡ್ಡ ಪತ್ರಿಕೆಗಳು ತಮ್ಮ ವಿಶ್ವಾಸಾರ್ಹತೆಯ ಬಗ್ಗೆ ಜಾಹೀರಾತು ಕೊಡುವ ಖರ್ಚಿನಲ್ಲಿ ಸ್ವಲ್ಪ ಭಾಗವನ್ನು ಈ ಜನರ ಪೆಟ್ರೋಲಿಗೆ ಕೊಟ್ಟರೂ ಪುಟದ ಗುಣಮಟ್ಟ ಮೇಲೇರುತ್ತದೆ.

ಬೆಳಗಿನ ಜಾವ ವ್ಯಾನಿನಿಂದ ಇಳಿಯುವ ಕಟ್ಟುಗಳನ್ನು ಬಿಚ್ಚಿ, ಪುರವಣಿ ಸೇರಿಸಿ, ಮಳೆಯಾದರೆ ಪ್ಲಾಸ್ಟಿಕ್ ಹೊದಿಸಿ ಮನೆಮನೆಗೆ ಹಾಕುವ ವಿತರಕರ ಬಗ್ಗೆಯೂ ಇದೇ ಮಾತು ಅನ್ವಯಿಸುತ್ತದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಪತ್ರಿಕೆ ಮುಟ್ಟಿದರೆ ಸೋಂಕು ತಗಲುತ್ತದೆಂದು ಹೆದರಿ ಎಷ್ಟೋ ಮನೆಯವರು ಪತ್ರಿಕೆ ನಿಲ್ಲಿಸಿದಾಗಲೂ ಅವರು ಸೈಕಲ್ ಇಳಿಯಲಿಲ್ಲ.

ತಮಕದಲ್ಲಿರುವ ವಿಶ್ವವಿದ್ಯಾಲಯದ ಮತ್ತು ಸುತ್ತಲಿನ ಪದವಿ ಕಾಲೇಜುಗಳ ವಿದ್ಯಾರ್ಥಿಗಳು ಆಗಾಗ ಕಚೇರಿಗೆ ಬಂದು, ಈ ಕೆಲಸಕ್ಕೆ ಸೇರಲು ಏನು ಓದಬೇಕು ಎಂದು ಕೇಳುತ್ತಾರೆ. ಅವರಿಗೆ ನಾನು ಹೇಳುವುದಿಷ್ಟು: ಪಹಣಿ ಮತ್ತು ಮ್ಯುಟೇಷನ್ ದಾಖಲೆ ಓದಲು ಕಲಿಯಿರಿ, ಎಫ್‌ಐಆರ್‌ನಲ್ಲಿ ದೂರುದಾರರ ಮಾತು ಎಲ್ಲಿ ಮುಗಿಯುತ್ತದೆ ಎಂಬುದನ್ನು ಗುರುತಿಸಲು ಕಲಿಯಿರಿ, ನಿಮ್ಮೂರಿನ ಗ್ರಾಮ ಪಂಚಾಯಿತಿಯ ಒಂದು ವರ್ಷದ ಆಯವ್ಯಯವನ್ನು ಸಾಲು ಸಾಲಾಗಿ ಓದಿರಿ, ಮನೆಯಲ್ಲಿ ತೆಲುಗೋ ತಮಿಳೋ ಇದ್ದರೆ ಅದನ್ನು ಮುಚ್ಚಿಡಬೇಡಿ, ಅದೇ ನಿಮ್ಮ ಬಲ. ರಜೆಯಲ್ಲಿ ಕೆಲವು ದಿನ ಬೆಳಿಗ್ಗೆ ಎಪಿಎಂಸಿಗೆ ಹೋಗಿ ಒಂದೇ ಮಂಡಿಯ ಹರಾಜನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿ, ಎಲ್ಲ ಬಾಕ್ಸ್‌ಗಳ ಬೆಲೆಯನ್ನೂ ಬರೆದುಕೊಂಡು, ಮರುದಿನದ ಪತ್ರಿಕೆಗಳಲ್ಲಿ ಬಂದ ಧಾರಣೆಯೊಂದಿಗೆ ಹೋಲಿಸಿ ನೋಡಿರಿ. ವ್ಯತ್ಯಾಸ ಕಂಡರೆ ನಮ್ಮ ಕಚೇರಿಗೆ ಬಂದು ಹೇಳಿರಿ. ಹಾಗೆ ಬಂದು ಹೇಳುವವರ ಹೆಸರನ್ನೇ ಮುಂದೆ ಕೆಲಸ ಖಾಲಿಯಾದಾಗ ನಾನು ಬೆಂಗಳೂರಿಗೆ ಕಳುಹಿಸುವುದು.